ಕರಿ ಹರಿಯುವ ಓಟ

ಮದ್ರಾಸಿನ ಬಳಿಯ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ, ಮೋಟಾರು ಪಂದ್ಯಗಳು ದಶಕಗಳ ಕಾಲ ನಡೆದುವು. ಅಲ್ಲಿ ಓಟದ ವೇಗವನ್ನು ಅಳೆಯುತ್ತಿದ್ದುದು ಗಡಿಯಾರ. ನಮ್ಮ ಇಳಕಲ್ ಸೀಮೆಯಲ್ಲಿ ಜ್ಯೇಷ್ಠದ ಕಾರಹುಣ್ಣಿಮೆಗೆ ನಡೆಯುವ ಓಟಕ್ಕೆ ಗಡಿಯಾರದ ಹಂಗಿಲ್ಲ. ಕೋಡಿಗೆ ಬಣ್ಣ ಬಳಿಸಿಕೊಂಡು, ಜೂಲ ಹೊದ್ದ ಎತ್ತುಗಳು ಅಗಸೆಯತ್ತ ನುಗ್ಗುತ್ತವೆ. ಅಲ್ಲಿ ಅಡ್ಡಗಟ್ಟಿದ ಬೇವಿನ ಸೊಪ್ಪು, ಕೊಬ್ಬರಿಗಳ ಹಗ್ಗವೇ 'ಕರಿ'. ಅದನ್ನು ಮೊದಲು ಹರಿದ ಎತ್ತೇ ಗೆದ್ದಂತೆ. ನೆರೆದವರ ಕಣ್ಣೆಲ್ಲ ಅದರ ಮೈಬಣ್ಣದ ಮೇಲೆ! ಬಿಳಿಯದಾದರೆ ಹಿಂಗಾರಿ ಬೆಳೆ ಸಮೃದ್ಧಿ, ಕೆಂದೆತ್ತಾದರೆ ಮುಂಗಾರಿ. ನನಗೇನೋ ಈ ಶಕುನದಲ್ಲಿ ನಂಬುಗೆಯಿಲ್ಲ. ಆದರೆ ಒಮ್ಮೆ ಬಿಳಿಯೆತ್ತು ಮುಂದಾದಾಗ ಪಕ್ಕದ ಮುದುಕ ಮುಗಿಲು ನೋಡಿ, "ಮುಂಗಾರಿ ಕೈಕೊಟ್ಟಿತಲ್ರಿ ಮಾಸ್ತರ" ಎಂದ. ಸಾಲ ತಂದ ಬೀಜವನ್ನು ಅವನು ಆಗಲೇ ಬಿತ್ತಿ ಮುಗಿಸಿದ್ದ.