ಮುರಿದ ಮಂತ್ರದಂಡಕ್ಕೆ ಬೆಸುಗೆ ಉಂಟೇ?

ಎರಡು ಸೂಜಿಗಲ್ಲು, ಒಂದು ನಿಮಿಷದ ಬಿಡುವು. ‘ಮೆಂಡಿಂಗ್’ ಎಂಬ ಪುಟ್ಟ ಮಂತ್ರಕ್ಕೆ ಬೇಕಾದದ್ದು ಇಷ್ಟೇ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಈಗಷ್ಟೇ ವಿದ್ಯೆ ಕಲಿತ ಮಾಂತ್ರಿಕನೂ ಇದನ್ನು ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಲ್ಲ. ಹರಿದ ಮೇಲಂಗಿ, ಎರಡಾದ ಬೀಗದಕೈ, ಕಳಚಿದ ಸರಪಳಿಯ ಕೊಂಡಿ, ಒಡಕು ಒಂದು ಅಡಿ ಮೀರದಿದ್ದರೆ ಗುರುತೂ ಉಳಿಯದಂತೆ ಕೂಡಿಕೊಳ್ಳುತ್ತವೆ. ಮುರಿದದ್ದು ಮಾಯೆಯ ಕತ್ತಿಯಾದರೆ? 2014ರ ಐದನೇ ಆವೃತ್ತಿಯ ನಿಯಮ ಕಡ್ಡಿ ಮುರಿದಂತೆ ಹೇಳುತ್ತದೆ: ಕತ್ತಿ ಕೂಡುತ್ತದೆ, ಮಾಯೆ ಮರಳುವುದಿಲ್ಲ.

ಮತ್ತೆ ಮರಳಿಸುವುದು ಹೇಗೆ ಎಂಬ ಪ್ರಶ್ನೆಯಲ್ಲೇ ಈ ಆಟದ ಸೊಗಸೆಲ್ಲ ಅಡಗಿದೆ ಎಂದು ನನಗನಿಸುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೇಜಿನ ಸುತ್ತ ನಾಲ್ಕೈದು ಜನ. ಒಬ್ಬರು ಕಥೆ ನಡೆಸುವ ಡಂಜನ್ ಮಾಸ್ಟರ್, ಉಳಿದವರದು ಒಂದೊಂದು ಪಾತ್ರ, ಫಲಿತಾಂಶ ದಾಳದ ಕೈಯಲ್ಲಿ. ಆಗಿನ ಆಟದಲ್ಲಿ ಯಾವ ವಸ್ತುವಿಗೂ ಉಳಿಗಾಲದ ಭರವಸೆ ಇರಲಿಲ್ಲ. ಬೆಂಕಿಯುಂಡೆ ಬಿದ್ದರೆ ಗುರಾಣಿ ಉಳಿಯಿತೇ, ಮಂತ್ರದಂಡ ಉಳಿಯಿತೇ ಎಂದು ದಾಳ ಹಾಕಿ ನೋಡುವ ಕೋಷ್ಟಕವೇ 1979ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿತ್ತು. ‘ರಸ್ಟ್ ಮಾನ್‌ಸ್ಟರ್’ ಎಂಬ ಪ್ರಾಣಿ ತಾಗಿದರೆ ಮಾಯೆಯ ಕವಚವೂ ತುಕ್ಕಾಗಿ ಉದುರಬಹುದಿತ್ತು. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ ಗೈಗ್ಯಾಕ್ಸ್ ಅದನ್ನು ಕಲ್ಪಿಸಿದರು.

ನಾನು ಮನಸೋತದ್ದು 1976ರ ‘ಎಲ್‌ಡ್ರಿಚ್ ವಿಝರ್ಡ್ರಿ’ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡ ‘ಏಳು ತುಂಡುಗಳ ದಂಡ’ಕ್ಕೆ. ಅದರ ಐತಿಹ್ಯ ಹೀಗಿದೆ: ಗಾಳಿಯ ದೊರೆಗಳು ಅರಾಜಕತೆಯ ರಾಣಿಯ ವಿರುದ್ಧ ಆ ದಂಡವನ್ನು ರಚಿಸಿದರು. ಪೆಷ್ ಎಂಬಲ್ಲಿನ ಯುದ್ಧದಲ್ಲಿ ಆಕೆಯ ಸೇನಾಪತಿ ಮಿಸ್ಕನ ಮೈಗೆ ಅದು ನಾಟಿತು. ನಾಟಿದ ರಭಸಕ್ಕೆ ಏಳು ಹೋಳಾಗಿ ಲೋಕದ ತುಂಬ ಚೆದುರಿತು. ಎಲ್ಲವೂ ಕೂಡಿದರೆ ಐದು ಅಡಿ ಉದ್ದ. ಅತಿ ಚಿಕ್ಕ ತುಂಡು ನಾಲ್ಕೇ ಅಂಗುಲ, ಆದರೆ ಅದನ್ನು ಹಿಡಿದವನಿಗೆ ಮುಂದಿನ ತುಂಡು ಎತ್ತ ಇದೆಯೆಂದು ಅದೇ ದಿಕ್ಕು ತೋರುತ್ತದೆ. ಸೂಜಿಗಲ್ಲಿಗೂ ಕುಲುಮೆಗೂ ಇಲ್ಲಿ ಕೆಲಸವಿಲ್ಲ. ಇದರ ರಿಪೇರಿಯೆಂದರೆ ಅಲೆದಾಟ. ತಿಂಗಳುಗಟ್ಟಲೆ ಆಡುವ ಕಥೆ. 1996ರಲ್ಲಿ ಇದೊಂದಕ್ಕೇ ಪೆಟ್ಟಿಗೆ ತುಂಬ ಸಾಹಸ ಪ್ರಕಟವಾಯಿತು. 2024ರ ‘ವೆಕ್ನಾ: ಈವ್ ಆಫ್ ರೂಯಿನ್’ ಪುಸ್ತಕದಲ್ಲೂ ನಾಯಕರು ಹುಡುಕುವುದು ಇದೇ ತುಂಡುಗಳನ್ನು.

ಲೆಕ್ಕಾಚಾರ ಇಷ್ಟಪಡುವವರಿಗೆ 2009ರ ‘ಪಾಥ್‌ಫೈಂಡರ್’ ಎಂಬ ಇಂಥದೇ ಇನ್ನೊಂದು ಆಟ ಬೇರೆ ದಾರಿ ತೋರಿತು. ಜಖಂ ಆದ ಮಾಯಾವಸ್ತುವನ್ನು ಸರಿಪಡಿಸಲು ಹೊಸದಾಗಿ ತಯಾರಿಸುವ ಖರ್ಚಿನ ಅರ್ಧ, ಸಮಯದ ಅರ್ಧ ಸಾಕು. ಪೂರ್ತಿ ನಾಶವಾಗಿದ್ದರೆ ‘ಮೇಕ್ ಹೋಲ್’ ಮಂತ್ರವಿದೆ. ಹಾಕುವವನ ಮಟ್ಟ ಮಾತ್ರ ವಸ್ತುವಿನ ಮಟ್ಟದ ಎರಡರಷ್ಟಿರಬೇಕು.

ಐದನೇ ಆವೃತ್ತಿಯಲ್ಲಿ ಮುರಿಯುವ ಸಂದರ್ಭಗಳೇ ವಿರಳವಾದವು. ಮಾಯಾವಸ್ತುಗಳಲ್ಲಿ ಬಹುಪಾಲು ಎಲ್ಲ ಬಗೆಯ ಪೆಟ್ಟಿಗೂ ಪ್ರತಿರೋಧ ತೋರುತ್ತವೆ, ರಸ್ಟ್ ಮಾನ್‌ಸ್ಟರ್ ಈಗ ಸಾದಾ ಲೋಹವನ್ನಷ್ಟೇ ತಿನ್ನುತ್ತದೆ. ಆಟಗಾರರಿಗೆ ನೋವು ಕಡಿಮೆಯಾಯಿತು, ನಿಜ. ಜೊತೆಗೆ ಮುರಿದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟದಾಚೆಯ ಕಮ್ಮಾರನನ್ನು ಹುಡುಕಿ ಹೊರಡುವ ಕಥೆಗಳೂ ಕಡಿಮೆಯಾದವು. ಈ ನಷ್ಟ ದೊಡ್ಡದು.

ನೀವು ಆಟ ನಡೆಸುವವರಾದರೆ ಒಂದು ಕೋರಿಕೆ: ಮುಂದಿನ ಸಲ ಯಾರದಾದರೂ ಮಂತ್ರದಂಡ ಮುರಿದರೆ ಚೂರುಗಳನ್ನು ಎತ್ತಿಟ್ಟುಕೊಳ್ಳಲು ಹೇಳಿ, ಅದನ್ನು ಬೆಸೆಯಬಲ್ಲ ಒಬ್ಬರನ್ನು ನಿಮ್ಮ ಲೋಕದಲ್ಲಿ ಎಲ್ಲಾದರೂ ಇರಿಸಿ. ಹೊಸಬರೂ ಹಿಂಜರಿಯಬೇಕಿಲ್ಲ, ಮೆಂಡಿಂಗ್ ಮಂತ್ರವೂ ಸೇರಿದಂತೆ ಆಟದ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಉಚಿತವಾಗಿ ಸಿಗುತ್ತಿವೆ.