ಮಕ್ಕಳ ಲೆಕ್ಕ ಮತ್ತು ಹಿತ್ತಲ ಪಾಲು



"ಮಗ್ಗಿ ಬಂತೇನೋ?" ಎಂದು ನಾವು ಮಕ್ಕಳನ್ನು ಕೇಳುತ್ತೇವೆ. ಇಪ್ಪತ್ತರ ತನಕ ಒಪ್ಪಿಸಿದರೆ ಸಂತೋಷಪಡುತ್ತೇವೆ. ಮಗ್ಗಿ ಬೇಕಾದದ್ದೇ. ಆದರೆ ಅದನ್ನು ಎಲ್ಲಿ ಹೂಡಬೇಕೆಂದು ತಿಳಿಯದಿದ್ದರೆ ಅದು ಅಟ್ಟದ ಮೇಲಿಟ್ಟ ಕುಂಟೆಯಿದ್ದಂತೆ. ಇದು ನನಗೆ ಮನದಟ್ಟಾದದ್ದು ಒಂದು ಹಿತ್ತಲ ಪಾಲಿನಿಂದ.

ನಾನು ಓಡಾಡುವ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಕಾಲುವೆಯ ಪಕ್ಕದ ಹಿತ್ತಲನ್ನು ಹಿರಿಯರು ಹಗ್ಗ ಹಿಡಿದು ಹಂಚಿದರು. ಅಣ್ಣನಿಗೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅದಕ್ಕೆ ಅಂಟಿಕೊಂಡು ಕಾಲುವೆಯ ಉದ್ದಕ್ಕೂ ಹೋಗುವ 55 ಅಡಿ ಉದ್ದ, 11 ಅಡಿ ಅಗಲದ ಪಟ್ಟಿ ತಮ್ಮನಿಗೆ. ಯಾವುದರ ಸುತ್ತ ಹಗ್ಗ ಹಿಡಿದರೂ ಸರಿಯಾಗಿ 132 ಅಡಿ. "ಒಂದೇ ಹಗ್ಗ, ಒಂದೇ ಪಾಲು" ಎಂದರು. ಅಲ್ಲಿ ನಿಂತಿದ್ದ ನಾನೂ ತಲೆಯಾಡಿಸಿದೆ. ಡಿಪ್ಲೊಮಾ ಪರೀಕ್ಷೆಯಲ್ಲಿ ಕ್ಷೇತ್ರಫಲದ ಸೂತ್ರ ಬರೆದು ಅಂಕ ಪಡೆದವನು ನಾನು. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ.

ಮುಂಗಾರಿನಲ್ಲಿ ಇಬ್ಬರೂ 360ರಂತೆ ಮೆಣಸಿನ ಸಸಿ ತಂದರು. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಅಣ್ಣನ ಚೌಕದಲ್ಲಿ ಸಸಿಗಳು ಬಹುಮಟ್ಟಿಗೆ ಹಿಡಿಸಿದವು. ತಮ್ಮನ ಪಟ್ಟಿಯಲ್ಲಿ ಸುಮಾರು 200 ನೆಡುವಷ್ಟರಲ್ಲಿ ಜಾಗ ಮುಗಿದು, ಉಳಿದವು ಬುಟ್ಟಿಯಲ್ಲೇ ಬಾಡಿದವು. ಹಗ್ಗ ಹಿಡಿದವರು ಮೋಸ ಮಾಡಿದರೆಂದು ತಮ್ಮ ಕೂಗಾಡಿದ. ಮತ್ತೆ ಅಳೆದರೆ ಹಗ್ಗ ಸರಿಯಾಗಿಯೇ ಇತ್ತು! ಎರಡು ಮನೆಗಳ ನಡುವೆ ಮಾತು ನಿಂತಿತು.

ತಮ್ಮನ ಮಗಳು ಆರನೆಯ ತರಗತಿಯವಳು. "ಹಗ್ಗ ಒಂದೇ ಆದರೆ ಸಸಿ ಯಾಕೆ ಉಳಿಯಿತು, ಮೇಷ್ಟ್ರೇ?" ಎಂದು ಶಾಲೆಯಲ್ಲಿ ಕೇಳಿದಳು. ಉಪಾಧ್ಯಾಯರು ಸೂತ್ರ ಹೇಳಲಿಲ್ಲ. ಹನ್ನೆರಡು ಬೆಂಕಿಕಡ್ಡಿ ಕೊಟ್ಟು, "ಒಂದು ಕಡ್ಡಿ 11 ಅಡಿ ಎಂದು ತಿಳಿದುಕೋ. ಎರಡು ಹಿತ್ತಲನ್ನೂ ಮಾಡಿ ತೋರಿಸು" ಎಂದರು. ಪಕ್ಕಕ್ಕೆ ಮೂರು ಮೂರು ಕಡ್ಡಿಯಿಟ್ಟರೆ ದೊಡ್ಡಪ್ಪನ ಚೌಕವಾಯಿತು. ಉದ್ದಕ್ಕೆ ಐದು, ಅಗಲಕ್ಕೆ ಒಂದು ಇಟ್ಟರೆ ಅಪ್ಪನ ಪಟ್ಟಿಯಾಯಿತು. ಎರಡಕ್ಕೂ ಹನ್ನೆರಡೇ ಕಡ್ಡಿ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಸೀಮೆಸುಣ್ಣದಿಂದ ಒಳಗೆ ಗೆರೆ ಎಳೆದಳು. ಚೌಕದೊಳಗೆ ಒಂಬತ್ತು ಮನೆ, ಪಟ್ಟಿಯೊಳಗೆ ಐದೇ ಮನೆ. "ಹಗ್ಗ ಬೇಲಿಗೆ ಲೆಕ್ಕ, ಸಸಿಗಲ್ಲ" ಎಂದಳು.

ಗುಣಿಸಿಯೂ ನೋಡಿ. 33ನ್ನು 33ರಿಂದ ಗುಣಿಸಿದರೆ 1089 ಚದರ ಅಡಿ, ಅಂದರೆ ಪೂರ್ತಿ ಒಂದು ಗುಂಟೆ. 55ನ್ನು 11ರಿಂದ ಗುಣಿಸಿದರೆ 605. ಅರ್ಧ ಗುಂಟೆಗಿಂತ ಚೂರು ಹೆಚ್ಚು. ತೋಟ ಪಟ್ಟಿಯಾದಷ್ಟೂ ಬೇಲಿ ಉಳಿಯುತ್ತದೆ, ನೆಲ ಕರಗುತ್ತದೆ.

ಇಂತಹ ನೆಲದ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ಕನ್ನಡದಲ್ಲಿ 'ಕ್ಷೇತ್ರಗಣಿತ' ಬರೆದಿದ್ದಾನೆ. ಕಲಿಸುವ ಬಗೆಯನ್ನು ಚೆನ್ನಾಗಿ ವಿವರಿಸಿದವರು ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯಾ. 1945ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ನಾಲ್ಕು ಹೆಜ್ಜೆಗಳಿವೆ: ಕೇಳಿರುವುದೇನೆಂದು ತಿಳಿಯುವುದು, ದಾರಿ ಯೋಚಿಸುವುದು, ಆ ದಾರಿಯಲ್ಲಿ ನಡೆಯುವುದು, ಬಂದ ಉತ್ತರವನ್ನು ತಿರುಗಿ ನೋಡುವುದು. ನಾವೆಲ್ಲ ಮೂರನೆಯದನ್ನು ಮಾತ್ರ ಕಲಿಸಿ ಮಿಕ್ಕ ಮೂರನ್ನು ಬಿಡುತ್ತೇವೆ.

"ನನಗೆ ಓದು ಬಾರದು, ನಾನೇನು ಕಲಿಸಲಿ?" ಎನ್ನುವವರಿದ್ದೀರಿ. ತಿರುಗಿ ನೋಡಿಸಲು ಓದು ಬೇಡ. ಲೀಟರ್ ನೀರಿಗೆ 2 ಮಿಲಿಲೀಟರ್ ಔಷಧಿಯಾದರೆ 16 ಲೀಟರಿನ ಸಿಂಪರಣೆ ಡಬ್ಬಿಗೆ ಎಷ್ಟೆಂದು ಮಗನನ್ನು ಕೇಳಿದಿರಿ. ಅವನು 320 ಎಂದ. ಬಯ್ಯಬೇಡಿ. "ಸೀಸೆಯಲ್ಲಿರುವುದೇ 250. ಒಂದು ಡಬ್ಬಿಗೇ ಸಾಲದಲ್ಲ?" ಎನ್ನಿ. ತಾನಾಗಿ 32ಕ್ಕೆ ಬರುತ್ತಾನೆ. (ಲೆಕ್ಕ ಮಾತ್ರ ಮಕ್ಕಳಿಗೆ ಕೊಡಿ, ಔಷಧಿಯನ್ನು ಅವರ ಕೈಗೆ ಕೊಡಬೇಡಿ.) ಸರಿಯುತ್ತರ ಹೇಳಿದಾಗಲೂ "ಹೇಗೆ ಗೊತ್ತಾಯಿತು?" ಎಂದು ಕೇಳಿರಿ. ಮೊದಲು ಅಂದಾಜು ಹೇಳಿಸಿ, ಆಮೇಲೆ ಅಳೆಯಿಸಿ. ಅಂದಾಜು ತಪ್ಪಿದರೆ ಮಗುವಿಗಿಂತ ಹೆಚ್ಚಾಗಿ ನಾವೇ ನಗುತ್ತೇವೆ. ಆ ನಗುವನ್ನು ತಡೆದುಕೊಳ್ಳುವುದೇ ಕಷ್ಟದ ಕೆಲಸ.

ಹುಡುಗಿ ಅಲ್ಲಿಗೆ ನಿಲ್ಲಲಿಲ್ಲ. ಒಂಬತ್ತು ಮತ್ತು ಐದು ಸೇರಿ ಹದಿನಾಲ್ಕು ಮನೆ, ಸಮಪಾಲಾದರೆ ಏಳೇಳು. ದೊಡ್ಡಪ್ಪನ ಕಡೆಯಿಂದ ಎರಡು ಮನೆ, ಅಂದರೆ 242 ಚದರ ಅಡಿ, ಈಚೆಗೆ ಬರಬೇಕು. ಗಡಿಯ ಬದು 33 ಅಡಿ ಉದ್ದ. ಹಾಗಾದರೆ ಅದು 7 ಅಡಿ 4 ಅಂಗುಲ ಆಚೆಗೆ ಸರಿಯಬೇಕು. ಆ ಕಾಗದವನ್ನು ಅವಳೇ ದೊಡ್ಡಪ್ಪನಿಗೆ ಕೊಟ್ಟಳು. ಅವರು ಎರಡು ದಿನ ಜೇಬಿನಲ್ಲಿಟ್ಟುಕೊಂಡು, ಮೂರನೆಯ ದಿನ ಕಡ್ಡಿ ತರಿಸಿ ಜಗುಲಿಯ ಮೇಲೆ ತಾವೇ ಜೋಡಿಸಿ ನೋಡಿದರು. ಮೆಣಸಿನ ಬೆಳೆ ಮುಗಿದ ಮೇಲೆ ಬದು ಸರಿಸುವುದೆಂದು ಒಪ್ಪಿಗೆಯಾಗಿದೆ. ಅಳೆಯಲು ನನ್ನನ್ನೂ ಕರೆದಿದ್ದಾರೆ. ಈ ಸಲ ಕಾಗದ, ಪೆನ್ಸಿಲ್ ಒಯ್ಯುವೆ.

ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮಕ್ಕಳ ಮುಂದೆ ಇಪ್ಪತ್ತು ಕಡ್ಡಿ ಇಡಿ. ನಾಲ್ಕು ಮೂಲೆಯ ಎಷ್ಟು ಬಗೆಯ ತೋಟ ಮಾಡಬಹುದು, ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಕೇಳಿರಿ. ಉತ್ತರ ಗೊತ್ತಿದ್ದರೂ ಹೇಳಬೇಡಿ.