ಮನೆಯಲ್ಲೇ ಕೂತು ಕಂಪ್ಯೂಟರ್ ಪದವಿ: ಯಾರಿಗೆ ಲಾಭ?

ಚನ್ನರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಪಿಯುಸಿ ಮುಗಿಸಿದವರಿಗೆ ಕಂಪ್ಯೂಟರ್ ಓದು ಎಂದರೆ ತುಮಕೂರೋ ಬೆಂಗಳೂರೋ, ಜೊತೆಗೆ ಹಾಸ್ಟೆಲ್ ಖರ್ಚು, ಸಾಲ. 2020ರಲ್ಲಿ ಮದ್ರಾಸ್ ಐಐಟಿ ಪ್ರೋಗ್ರಾಮಿಂಗ್ ಮತ್ತು ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ತೆರೆದಾಗ ಈ ಲೆಕ್ಕ ಬದಲಾಯಿತು. ಜೆಇಇ ಬರೆಯಲೇಬೇಕೆಂದಿಲ್ಲ, ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಪಾಠ ಮನೆಯಲ್ಲಿ, ಮುಖ್ಯ ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಬರೆಯಬೇಕು. ಕೊಟ್ಟ ಶುಲ್ಕಕ್ಕೆ ನಿಜವಾಗಿ ಸಿಗುವುದು ಈ ಪರೀಕ್ಷೆಯೇ. ಬರೀ ಪಾಠ ಸಾಕೆನ್ನುವವರಿಗೆ ಐಐಟಿಗಳ ಪಾಠಗಳಿರುವ ಎನ್‌ಪಿಟಿಇಎಲ್ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ.

‘ಇಂಥ ಡಿಗ್ರಿಗೆ ಬೆಲೆ ಉಂಟೇ?’ ಎಂಬ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ಸಾರಿತು. ಮಾನ್ಯತೆ ಮರಳಿದ್ದು 2018-19ಕ್ಕೆ. ನಡುವೆ ಸೇರಿದವರು ಪ್ರಮಾಣಪತ್ರ ಹಿಡಿದು ಅಲೆದರು. ಮಾನ್ಯತೆಯುಳ್ಳ ಆನ್‌ಲೈನ್ ಪದವಿ ಸಾಮಾನ್ಯ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ, ನಿಜ. ಆದರೂ ಸೇರುವ ವರ್ಷದ ಮಾನ್ಯತಾ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು ಇದೆಯೇ ಎಂದು ನೋಡದೆ ಹಣ ಕಟ್ಟಬಾರದು. ಎಂಜಿನಿಯರಿಂಗ್ ಪದವಿಗಂತೂ ಯುಜಿಸಿ ನಿಯಮದಲ್ಲಿ ಆನ್‌ಲೈನ್ ದಾರಿಯೇ ಇಲ್ಲ, ಮನೆಯಲ್ಲೇ ಬಿ.ಇ. ಮಾಡಿಸುತ್ತೇವೆ ಎನ್ನುವವರಿಗೆ ದೂರದಿಂದಲೇ ಕೈಮುಗಿಯಿರಿ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯವೊಂದರ ಬಗ್ಗೆ 2017ರಲ್ಲಿ ಬಂದ ಅಧ್ಯಯನದಲ್ಲಿ, ಅದೇ ಪಠ್ಯಕ್ರಮ, ಅದೇ ಪುಸ್ತಕವಿದ್ದರೂ ಆನ್‌ಲೈನ್‌ನಲ್ಲಿ ಓದಿದವರ ಅಂಕ ಕುಸಿದಿತ್ತು. ಮೊದಲೇ ಹಿಂದಿದ್ದವರಿಗೆ ಪೆಟ್ಟು ಇನ್ನೂ ಜೋರು. 2014ರಲ್ಲಿ ಶುರುವಾದ ಜಾರ್ಜಿಯಾ ಟೆಕ್‌ನ ಅಗ್ಗದ ಆನ್‌ಲೈನ್ ಸ್ನಾತಕೋತ್ತರ ಪದವಿಯ ಕಥೆ ಬೇರೆ: ಇಲ್ಲದಿದ್ದರೆ ಓದನ್ನೇ ಬಿಡುತ್ತಿದ್ದವರನ್ನು ಅದು ಒಳಗೆ ತಂದಿತು. ಆದರೆ ಅವರೆಲ್ಲ ಪದವೀಧರರು, ಹೆಚ್ಚಿನವರು ಉದ್ಯೋಗಸ್ಥರು. ಕನ್ನಡ ಮಾಧ್ಯಮದಲ್ಲಿ ಓದಿದ ಹದಿನೆಂಟರ ಹುಡುಗಿಗೆ ಆ ಬಲವಿಲ್ಲ. ಪಾಠ ಇಂಗ್ಲಿಷಿನಲ್ಲಿ, ಕೈಯಲ್ಲಿರುವುದು ಮೊಬೈಲ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಜಾಗ ಒಂದಿಷ್ಟು ತಪ್ಪಿದರೂ ಪ್ರೋಗ್ರಾಂ ಓಡದೆ ಹೋಗಬಹುದು. ಆ ಜಾಗವನ್ನು ಅಂಗೈಯಗಲದ ಪರದೆಯಲ್ಲಿ ಎಣಿಸುತ್ತ ಕೂತವಳ ಪಕ್ಕದಲ್ಲಿ ‘ಇಲ್ಲಿ ನೋಡು’ ಎನ್ನಲು ಯಾರೂ ಇರುವುದಿಲ್ಲ.

ಹಾಗಾಗಿ ಆನ್‌ಲೈನ್ ಪದವಿಯೊಂದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಕೊರಟಗೆರೆ, ಮಧುಗಿರಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿ, ಇದನ್ನು ಜೊತೆಗೆ ಓದುವುದು ಮೇಲು. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲೇ ಒಪ್ಪಿದೆ. ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಎನ್ನುವವರಿದ್ದಾರೆ. ಆದರೆ ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದಲ್ಲ! ಖರ್ಚಿನ ಮಾತಿಗೆ ಬಂದರೆ, ಮದ್ರಾಸ್ ಐಐಟಿಯಲ್ಲಿ ಪರಿಶಿಷ್ಟರಿಗೂ ಕಡಿಮೆ ಆದಾಯದವರಿಗೂ ಶುಲ್ಕ ರಿಯಾಯಿತಿ ಇದೆ. ಪರೀಕ್ಷೆಗೆ ಪೇಟೆಗೆ ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಸಾಲ ಮಾಡಲೇಬೇಕಾಗಿ ಬಂದರೆ ಮೊದಲು ಲ್ಯಾಪ್‌ಟಾಪಿಗೆ ಮಾಡಲಿ.